ಗೇಣು, ಮೊಳ, ಮಾರು: ನೇತ್ರಾಣಿಯ ನೀರಿನಡಿ ಫೋಟೊ ತೆಗೆಯುವುದು ಹೇಗೆ?

ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ನಡುಗಡ್ಡೆಗೆ ಸ್ಕೂಬಾ ಡೈವಿಂಗ್‌ಗೆ ಹೋಗಿ ಬಂದವರ ಫೋಟೊಗಳಿಗೆಲ್ಲ ಒಂದೇ ಚಹರೆ. ಎಲ್ಲೆಲ್ಲೂ ಹಸಿರು ಬೆರೆತ ನೀಲಿ, ನಡುವೆ ಬೂದು ಬಣ್ಣದ ಒಂದು ಮೀನು, ಅದೂ ಬಾಲ ತೋರಿಸಿ ಓಡುತ್ತಿರುವುದು, ಮೇಲಿಂದ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು. ದುಬಾರಿ ಕ್ಯಾಮೆರಾ ತಂದರೂ ಇದು ಸರಿಹೋಗುವುದಿಲ್ಲ. ಲೆನ್ಸಿಗೂ ಮೀನಿಗೂ ನಡುವಿನ ನೀರು ಕಡಿಮೆಯಾಗಬೇಕು, ಅಷ್ಟೆ. ಅಂಗೈಗಿಂತ ಚಿಕ್ಕ ಜೀವಿಯಾದರೆ ಒಂದು ಗೇಣು, ಮೀನಾದರೆ ಒಂದು ಮೊಳ, ಡೈವರ್ ಆದರೆ ಒಂದು ಮಾರು. ಅದಕ್ಕಿಂತ ದೂರದ್ದನ್ನು ಕಣ್ತುಂಬ ನೋಡಿಕೊಳ್ಳಿ, ಷಟರ್ ಒತ್ತಬೇಡಿ.

ಮೊದಲು ತೇಲಲು ಕಲಿಯಿರಿ

ಮೊದಲ ಸಲ ಇಳಿಯುವವರನ್ನು ತರಬೇತುದಾರರು ಸಿಲಿಂಡರ್ ಹಿಡಿದುಕೊಂಡೇ 12 ಮೀಟರ್ ಒಳಗೆ ಸುತ್ತಿಸಿ ತರುತ್ತಾರೆ. ಆ ದಿನ ಕ್ಯಾಮೆರಾ ಬೇಡ. 18 ಮೀಟರ್‌ವರೆಗೆ ಇಳಿಯಬಹುದಾದ ಓಪನ್ ವಾಟರ್ ಕೋರ್ಸ್ ಮುಗಿಸಿ, ಇಪ್ಪತ್ತು ಇಪ್ಪತ್ತೈದು ಡೈವ್ ಆದಮೇಲೆ ಕೈಗೆ ತೆಗೆದುಕೊಳ್ಳಿ. ಪರೀಕ್ಷೆ ಸುಲಭ: ಕೈ ಆಡಿಸದೆ, ತಳ ಮುಟ್ಟದೆ, ಒಂದು ನಿಮಿಷ ಒಂದೇ ಮಟ್ಟದಲ್ಲಿ ಅಡ್ಡಡ್ಡ ನಿಲ್ಲಬಲ್ಲಿರಾ? ಇಲ್ಲವಾದರೆ ಕಾಲಿಗೆ ತೊಟ್ಟ ಫಿನ್ ಎಬ್ಬಿಸುವ ಮರಳೇ ನಿಮ್ಮ ಫೋಟೊ ಕೆಡಿಸುತ್ತದೆ, ಮೊಣಕಾಲು ಹವಳ ಮುರಿಯುತ್ತದೆ. ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿಯ ಸಾಲಿನಲ್ಲೇ. ಇನ್ನು ಕಲ್ಲೆಂದುಕೊಂಡು ಕೈಯೂರಿದ್ದು ಸ್ಟೋನ್‌ಫಿಶ್ ಆಗಿದ್ದರೆ ಅದರ ಮುಳ್ಳಿನ ವಿಷ ಯಾವ ಕಾಯ್ದೆಗೂ ಕಾಯುವುದಿಲ್ಲ.

ಉಸಿರು ಹಿಡಿದು ಕ್ಲಿಕ್ ಮಾಡುವ ಅಭ್ಯಾಸ ನೆಲದ ಮೇಲೆ ಒಳ್ಳೆಯದೇ. ನೀರಿನಡಿ ಅದು ಅಪಾಯ. ಉಸಿರು ಬಿಗಿಹಿಡಿದು ಒಂದೆರಡು ಮೀಟರ್ ಮೇಲೆ ತೇಲಿದರೂ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ನಿಧಾನಕ್ಕೆ ಬಿಡುತ್ತಾ ಷಟರ್ ಒತ್ತಿ.

ಮನೆ ಹತ್ತಿರದ ಈಜುಕೊಳದಲ್ಲಿ ಅನುಮತಿ ಪಡೆದು ತಳದಲ್ಲಿ ಒಂದು ಸ್ಟೀಲ್ ಲೋಟ, ಒಂದು ಸುಲಿಯದ ತೆಂಗಿನಕಾಯಿ ಇಟ್ಟು ಅಭ್ಯಾಸ ಮಾಡಿ. ಲೋಟ ಬರಾಕುಡದಂಥ ಬೆಳ್ಳಿಮೈ ಮೀನಿನ ಹಾಗೆ: ಬೆಳಕು ನೇರ ಬಿದ್ದರೆ ಹೊಳೆದು ಬಿಳಿಯಾಗಿ ಸುಟ್ಟುಹೋಗುತ್ತದೆ. ಕಾಯಿ ಬಂಡೆಗೊರಗಿದ ಮುರು (ಗ್ರೂಪರ್) ಮೀನಿನ ಹಾಗೆ: ಎಷ್ಟು ಬೆಳಕು ಕೊಟ್ಟರೂ ನುಂಗುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಸರಿಯಾಗಿ ಹಿಡಿದ ದಿನ ಕಡಲಿಗೆ ಹೊರಡಬಹುದು.

ಬಣ್ಣ ಎಲ್ಲಿಗೆ ಹೋಯಿತು?

ನೀರು ಮೊದಲು ಕೆಂಪನ್ನು ಹೀರುತ್ತದೆ. ಸುಮಾರು 5 ಮೀಟರಿಗೆ ಕೆಂಪು ಬಹುಪಾಲು ಮಾಯ, 10ರ ಸುಮಾರಿಗೆ ಕಿತ್ತಳೆ, 20ರ ಹೊತ್ತಿಗೆ ಹಳದಿಯೂ ಮಂಕು. ಆಳದಲ್ಲಿ ಬೆರಳು ತರಚಿದರೆ ಒಸರುವ ರಕ್ತ ಹಸಿರಾಗಿ ಕಾಣುತ್ತದೆ. ಬಹಳ ಜನ ಮರೆಯುವುದೇನೆಂದರೆ, ಬೆಳಕು ಸಾಗುವ ಒಟ್ಟು ದೂರ ಲೆಕ್ಕಕ್ಕೆ ಬರುತ್ತದೆ, ಬರೀ ಆಳವಲ್ಲ. 8 ಮೀಟರ್ ಆಳದಲ್ಲಿ 2 ಮೀಟರ್ ಆಚೆಗಿನ ಮೀನಿಗೆ ಬಿಸಿಲು ನಂಬಿದರೆ 10 ಮೀಟರ್ ನೀರು ದಾಟಿದ ಬೆಳಕು ಸಿಗುತ್ತದೆ. ಅದೇ ಮೀನಿಗೆ ಒಂದು ಮೊಳ ಹತ್ತಿರ ಹೋಗಿ ಸ್ಟ್ರೋಬ್ (ನೀರಿನಡಿ ಬಳಸುವ ಫ್ಲ್ಯಾಷ್) ಹೊಡೆದರೆ ಬೆಳಕು ಹೋಗಿ ಬರುವ ದಾರಿ ಒಂದು ಮೀಟರೂ ಇಲ್ಲ. ಕೆಂಪು ಕೆಂಪಾಗಿಯೇ ಉಳಿಯುತ್ತದೆ.

ಯಾವ ಕ್ಯಾಮೆರಾ?

ಆಕ್ಷನ್ ಕ್ಯಾಮೆರಾ ಇದ್ದರೆ ಅದರಿಂದಲೇ ಶುರುಮಾಡಿ. ಗೋಪ್ರೊ ಬರಿಮೈಯಲ್ಲಿ ಸಾಮಾನ್ಯವಾಗಿ 10 ಮೀಟರ್, ಅದರ ಡೈವ್ ಹೌಸಿಂಗ್ (ನೀರು ನುಗ್ಗದ ಹೊರಪೆಟ್ಟಿಗೆ) ಒಳಗೆ 60 ಮೀಟರ್ ತಾಳುತ್ತದೆ. ಅದರ ಫೋಕಸ್ ಸ್ಥಿರವಾದ್ದರಿಂದ ಸುಮಾರು 30 ಸೆಂ.ಮೀ.ಗಿಂತ ಹತ್ತಿರದ್ದು ಮಬ್ಬು. ಡೈವರ್‌ಗಳಿಗೆ, ಮೀನಿನ ಹಿಂಡಿಗೆ ಸರಿ, ಬೆರಳುದ್ದದ, ಚಿಪ್ಪಿಲ್ಲದ ಕಡಲ ಬಸವನಹುಳಕ್ಕೆ ಆಗದು. ಚಿಕ್ಕ ಜೀವಿಗಳ ಗೀಳಿದ್ದರೆ ಒಲಿಂಪಸ್ ಟಿಜಿ-6 ಅಥವಾ ಅದರ ನಂತರ ಓಎಂ ಸಿಸ್ಟಮ್ ಹೆಸರಿನಲ್ಲಿ ಬಂದ ಟಿಜಿ-7 ನೋಡಿ. ಮೈಕ್ರೊಸ್ಕೋಪ್ ಮೋಡ್‌ನಲ್ಲಿ ಲೆನ್ಸಿನಿಂದ 1 ಸೆಂ.ಮೀ. ದೂರಕ್ಕೂ ಫೋಕಸ್ ಆಗುತ್ತದೆ. ಬರಿಮೈಯಲ್ಲಿ 15 ಮೀಟರ್ ಅಂತ ಬರೆದಿದ್ದರೂ ಹೌಸಿಂಗ್ ಇಲ್ಲದೆ ಡೈವ್‌ಗೆ ಒಯ್ಯಬೇಡಿ. ಫೋನಿನ ಐಪಿ68 (ನೀರು ತಾಳುತ್ತದೆಂಬ) ಮುದ್ರೆ ಪರೀಕ್ಷಿಸಿದ್ದು ಸಿಹಿನೀರಿನಲ್ಲಿ, ಅದನ್ನು ನಂಬಿ ಕಡಲಿಗೆ ಅದ್ದುವುದು ಜೂಜು.

ಕೂದಲೆಳೆಯ ಓ ರಿಂಗ್

ಕ್ಯಾಮೆರಾ ಸತ್ತಿತೋ ಬದುಕಿತೋ ಎಂಬುದು ಹೌಸಿಂಗಿನ ಬಾಯಿ ಸುತ್ತ ಕೂರುವ ರಬ್ಬರ್ ಬಳೆಯ ಕೈಯಲ್ಲಿದೆ. ಈ ಕೆಲಸ ದೋಣಿಯಲ್ಲಿ ಅಲ್ಲ, ಹಿಂದಿನ ರಾತ್ರಿ ಕೋಣೆಯಲ್ಲಿ. ಫ್ಯಾನ್ ಆಫ್ ಮಾಡಿ, ಕೈ ತೊಳೆದು ಒರೆಸಿ, ತಲೆಗೆ ಟೋಪಿಯೋ ಬಟ್ಟೆಯೋ ಸುತ್ತಿ. ಬೆರಳಿನಿಂದ ಬಳೆಯನ್ನು ಒಂದು ಕಡೆ ಒತ್ತಿ ಉಬ್ಬಿಸಿ ತೆಗೆಯಿರಿ. ಸೂಜಿ, ಪಿನ್ನು ಬೇಡ, ಗೀರು ಬಿದ್ದರೆ ಮುಗಿಯಿತು. ಎರಡು ಬೆರಳ ನಡುವೆ ಎಳೆಯದೆ ಜಾರಿಸಿ, ಮರಳ ಕಣವಿದ್ದರೆ ತಡೆಯುತ್ತದೆ. ಅದು ಕೂರುವ ಕಾಲುವೆಯನ್ನು ನಾರು ಬಿಡದ ಬಟ್ಟೆಯಿಂದ ಒರೆಸಿ. ಗ್ರೀಸ್ ಒಂದು ಅಕ್ಕಿಕಾಳಿನಷ್ಟು ಸಾಕು, ಬಳೆ ಮಿರುಗಬೇಕು, ಗ್ರೀಸ್ ಕಣ್ಣಿಗೆ ಕಾಣಬಾರದು. ನೀರು ತಡೆಯುವುದು ಗ್ರೀಸ್ ಅಲ್ಲ. ಬಳೆ ತಿರುಚಿಕೊಳ್ಳದೆ ಕೂರಲಿ ಅಂತ ಅದು. ಮೆತ್ತಿದರೆ ಮರಳು, ಕೂದಲು ಅಂಟುತ್ತದೆ. ಹೌಸಿಂಗ್ ಜೊತೆ ಬಂದ ಗ್ರೀಸನ್ನೇ ಬಳಸಿ, ಯಾಕೆಂದರೆ ಸಿಲಿಕೋನ್ ಬಳೆಗೆ ಹೊಂದದ್ದು ಹಚ್ಚಿದರೆ ಊದಿಕೊಳ್ಳುತ್ತದೆ.

ಇನ್ನೊಂದು ಕಾಟ ಆವಿ. ಕರಾವಳಿಯ ತೇವದ ಗಾಳಿಯನ್ನು ಒಳಗೆ ಮುಚ್ಚಿ, ಕ್ಯಾಮೆರಾ ಕಾಯ್ದು, ಹೊರಗೆ ನೀರು ತಂಪಾದರೆ ಗಾಜಿನ ಒಳಮೈ ಬೆವರುತ್ತದೆ. ಎ.ಸಿ. ಓಡುವ ಕೋಣೆಯಲ್ಲಿ ಹೌಸಿಂಗ್ ಮುಚ್ಚಿ, ಒಳಗೆ ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣವೊಂದನ್ನು ಬಳೆಗೆ ತಾಗದಂತೆ ಇಡಿ.

ಹೊಸ ಹೌಸಿಂಗನ್ನು ಮೊದಲು ಕ್ಯಾಮೆರಾ ಇಲ್ಲದೆ, ಒಳಗೆ ಒಣ ಟಿಶ್ಯೂ ಹಾಕಿ ಮುಳುಗಿಸಿ ನೋಡಿ. ಸೋರುವುದಿದ್ದರೆ ಬಹುಮಟ್ಟಿಗೆ ಮೊದಲ ಒಂದೆರಡು ಮೀಟರಿನಲ್ಲೇ ಸೋರುತ್ತದೆ. ಕೆಳಗೆ ಹೋದಂತೆ ಒತ್ತಡವೇ ಬಾಗಿಲನ್ನು ಬಿಗಿಯುತ್ತದೆ. ಆದ್ದರಿಂದ ಇಳಿಯುವಾಗ ಮೇಲ್ಮಟ್ಟದಲ್ಲೇ ಅರೆಕ್ಷಣ ನಿಂತು ಗುಳ್ಳೆಗಳ ಸಾಲು ಏಳುತ್ತಿದೆಯೇ ನೋಡಿ. ನೀರು ನುಗ್ಗಿದರೆ ಲೆನ್ಸ್ ಕೆಳಮುಖವಾಗಿ ಹಿಡಿಯಿರಿ, ನೀರು ಮುಂಭಾಗದಲ್ಲಿ ನಿಲ್ಲುತ್ತದೆ. ಎಂದಿನ ನಿಧಾನದಲ್ಲೇ ಮೇಲೆ ಬನ್ನಿ. ಬ್ಯಾಟರಿ ತೆಗೆಯಿರಿ, ಬದುಕಿದೆಯಾ ಅಂತ ಆನ್ ಮಾಡಿ ನೋಡಬೇಡಿ.

ಬೆಳಕಿನ ಕೋನ

ಸ್ಟ್ರೋಬ್ ಇಲ್ಲದವರು ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಕಡತ) ತೆಗೆಯಿರಿ, ಬಿಳಿ ಸ್ಲೇಟ್ ತೋರಿಸಿ, ಬಿಳಿ ಬಿಳಿಯಾಗಿಯೇ ಕಾಣುವಂತೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ಆಳ ಸುಮಾರು 3 ಮೀಟರ್ ಬದಲಾದಾಗಲೆಲ್ಲ ಮತ್ತೆ ಹೊಂದಿಸಿ. ನೀಲಿ ನೀರಿಗೆ ಕೆಂಪು ಫಿಲ್ಟರ್, ಹಸಿರು ನೀರಿಗೆ ಮಜೆಂಟಾ. ಸ್ಟ್ರೋಬ್ ಇದ್ದರೆ ಫಿಲ್ಟರ್ ಬಿಚ್ಚಿಡಿ.

ಸ್ಟ್ರೋಬ್ ಇದ್ದವರು ಷಟರ್ ವೇಗ 1/160 ಸೆಕೆಂಡ್, ಅಪರ್ಚರ್ ಎಫ್/8, ಐಎಸ್‌ಒ 200ರಿಂದ ಶುರುಮಾಡಬಹುದು. ಹಿಂದಿನ ನೀರಿನ ಬಣ್ಣ ಷಟರಿನ ಕೈಯಲ್ಲಿ, ಮೀನಿನ ಬೆಳಕು ಸ್ಟ್ರೋಬಿನ ಕೈಯಲ್ಲಿ. ನೀರು ಪೇಲವವಾದರೆ 1/200, ಕಪ್ಪಾದರೆ 1/100. ರವೆ ಚುಕ್ಕಿಗಳು ಬರುವುದು ಲೆನ್ಸಿನ ಮುಂದಿನ ನೀರಿನಲ್ಲಿ ತೇಲುವ ಕಣಗಳಿಗೆ ಬೆಳಕು ಬಿದ್ದು. ಸ್ಟ್ರೋಬನ್ನು ತೋಳಿನುದ್ದ ಪಕ್ಕಕ್ಕೆ ಚಾಚಿ, ಲೆನ್ಸಿಗಿಂತ ತುಸು ಹಿಂದಕ್ಕೆಳೆದು, ಮುಖವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ. ಮೀನಿಗೆ ಬೆಳಕಿನ ಅಂಚು ತಾಗಿದರೆ ಸಾಕು. ಒಳಗೆ ಒಂದು ಮೋಸವಿದೆ: ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ಕಾಲುಭಾಗ ಹತ್ತಿರ ಕಾಣುತ್ತದೆ. ಕಂಡಲ್ಲಿಗೆ ಗುರಿಯಿಟ್ಟರೆ ಬೆಳಕು ಮೀನಿನ ಮುಂದಿನ ಖಾಲಿ ನೀರಿಗೆ ಬೀಳುತ್ತದೆ. ಗುರಿ ಮೀನಿನ ಬೆನ್ನ ಹಿಂದಿರಲಿ.

ಮೀನಿನ ಹತ್ತಿರ ಹೋಗುವ ರೀತಿ

ಅಟ್ಟಿಸಿಕೊಂಡು ಹೋದರೆ ಬಾಲದ ಫೋಟೊ ಗ್ಯಾರಂಟಿ. ಅದು ಸಾಗುವ ದಾರಿಯಲ್ಲಿ ಓರೆಯಾಗಿ ಮುಂದೆ ಹೋಗಿ ನಿಂತು ಕಾಯಿರಿ. ಅದರ ಮಟ್ಟಕ್ಕೆ ಅಥವಾ ತುಸು ಕೆಳಗೆ ಬನ್ನಿ. ಮೇಲಿಂದ ತೆಗೆದ ಮೀನು ಬಂಡೆಯ ಬಣ್ಣದಲ್ಲಿ ಕರಗಿಹೋಗುತ್ತದೆ, ಕೆಳಗಿಂದ ತೆಗೆದದ್ದಕ್ಕೆ ನೀಲಿ ಹಿನ್ನೆಲೆ ಬಿಟ್ಟಿ. ಫೋಕಸ್ ಕಣ್ಣಿಗೆ. ಗಿಳಿಮೀನು ಹವಳ ಕೆರೆಯುವುದರಲ್ಲಿ ಮೈಮರೆತಿರುತ್ತದೆ, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮಾಡೆಲ್ ಇಲ್ಲ. ಬಿಲದಿಂದ ಇಣುಕುವ ಮೊರೆ ಈಲ್ ಬಾಯಿ ತೆರೆದು ಮುಚ್ಚುವುದು ಉಸಿರಾಟ, ಬೆದರಿಕೆಯಲ್ಲ. ಹಾಗಂತ ಬೆರಳು ಚಾಚಬೇಡಿ. ಒಂದು ಜೀವಿಗೆ ನಾಲ್ಕೈದು ಫ್ಲ್ಯಾಷ್ ಸಾಕು, ಬಿಲದೊಳಗೆ ಸರಿದರೆ ಬಿಟ್ಟುಬಿಡಿ.

ಡೈವರ್ ಫೋಟೊ ನಿಜಕ್ಕೂ ದೋಣಿಯಲ್ಲೇ ತಯಾರಾಗುತ್ತದೆ. ಜೊತೆಗಾರರಿಗೆ ಮೊದಲೇ ಹೇಳಿ: ಮೈ ಅಡ್ಡಡ್ಡ, ಕಾಲು ಜೋಡಿಸಿ, ಜೋತಾಡುವ ಗೇಜ್ (ಸಿಲಿಂಡರಿನ ಗಾಳಿಯ ಒತ್ತಡ ತೋರಿಸುವ ಮೀಟರ್) ಮತ್ತು ಮೆದುಗೊಳವೆ ಜಾಕೆಟ್ಟಿಗೆ ಸಿಕ್ಕಿಸಿ, ನೋಟ ಹವಳದ ಕಡೆ, ಲೆನ್ಸಿನ ಕಡೆ ಬೇಡ. ಅವರು ಉಸಿರು ಬಿಟ್ಟು ಗುಳ್ಳೆ ಮುಖ ದಾಟಿದ ಕ್ಷಣಕ್ಕೆ ಒತ್ತಿ. ಅಂಚು ಪಾರದರ್ಶಕವಾಗಿರುವ ಮಾಸ್ಕ್ ಆದರೆ ಮುಖಕ್ಕೆ ಬೆಳಕು ಸಿಗುತ್ತದೆ. ಫೋಟೊ ಚೆನ್ನಾಗಿ ಬಂತು ಅಂತ ಹೆಬ್ಬೆರಳು ಮಾತ್ರ ಎತ್ತಬೇಡಿ: ನೀರಿನಡಿ ಅದರ ಅರ್ಥ ‘ಮೇಲಕ್ಕೆ ಹೋಗೋಣ’. ಪಾಪ, ಅವರು ಹೊರಟೇಬಿಡುತ್ತಾರೆ.

ವ್ಯೂಫೈಂಡರಿನಲ್ಲಿ ಮುಳುಗಿದವರಿಗೆ ಗಾಳಿ ಮುಗಿಯುವುದು ತಿಳಿಯುವುದಿಲ್ಲ. ಪ್ರತಿ ಐದಾರು ಫೋಟೊಗೊಮ್ಮೆ ಗೇಜ್, ಆಳ, ಜೊತೆಗಾರ, ಮೂರನ್ನೂ ನೋಡಿ. 200 ಬಾರ್‌ನಿಂದ ಹೊರಟರೆ 50 ಉಳಿದಿರುವಾಗ ಮೇಲಿರಬೇಕು, 5 ಮೀಟರಿನಲ್ಲಿ 3 ನಿಮಿಷದ ಸುರಕ್ಷತಾ ನಿಲುಗಡೆಯೂ ಆಗಿರಬೇಕು.

ದೋಣಿಗೆ ಬಂದ ಮೇಲೆ

ಹೌಸಿಂಗನ್ನು ಬಿಸಿಲಿಗೆ ಬಿಡಬೇಡಿ, ಒದ್ದೆ ಟವೆಲ್ ಸುತ್ತಿಡಿ. ಉಪ್ಪು ಒಣಗಿ ಹರಳುಗಟ್ಟುವ ಮೊದಲು ಸಿಹಿನೀರಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ನೆನೆಸಿ, ಎಲ್ಲ ಗುಂಡಿಗಳನ್ನೂ ನೀರಿನೊಳಗೇ ಹತ್ತಾರು ಸಲ ಒತ್ತಿ. ತಲೆ ಒರೆಸಿಕೊಳ್ಳದೆ ಬಾಗಿಲು ತೆರೆಯಬೇಡಿ. ಕೂದಲಿನಿಂದ ಜಾರಿದ ಒಂದು ಉಪ್ಪುಹನಿ ಇಡೀ ಡೈವ್ ಮಾಡದ ಕೆಲಸ ಮಾಡೀತು. ಕಂಪ್ಯೂಟರಿನಲ್ಲಿ ಕೆಂಪು ಏರಿಸುವಾಗ ನೀರು ನೇರಳೆಗೆ ತಿರುಗುವ ಮೊದಲೇ ನಿಲ್ಲಿಸಿ.

ಡೈವಿಂಗ್ ಕಾಲ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇವರೆಗೆ. ಮಳೆಗಾಲಕ್ಕೆ ಹೌಸಿಂಗ್ ಎತ್ತಿಡುವಾಗ ಓ ರಿಂಗ್ ಬಿಚ್ಚಿ ಬೇರೆ ಪೊಟ್ಟಣದಲ್ಲಿಡಿ, ಬಾಗಿಲು ಬಿಗಿಯದೆ ಬಿಡಿ. ಇನ್ನು ಆ ದಿನವೇ ಘಾಟಿ ಹತ್ತಿ ಬೆಂಗಳೂರಿಗೆ ಹೊರಡುವ ಆತುರ ಬೇಡ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಎತ್ತರದಲ್ಲಿ ಗಾಳಿಯ ಒತ್ತಡ ತಗ್ಗುವುದರಿಂದ ಮೈಯಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗಬಹುದು, ಅದು ಇಳಿಯಲು ಸಮಯ ಬೇಕು. ವಿಮಾನಕ್ಕಾದರೆ ಒಂದು ಡೈವ್ ನಂತರ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಕಾಯಬೇಕು. ರಾತ್ರಿ ಮುರುಡೇಶ್ವರದಲ್ಲೇ ಉಳಿದು ಕಾರ್ಡಿನ ಫೋಟೊಗಳನ್ನು ಎರಡು ಕಡೆ ಕಾಪಿ ಮಾಡಿ, ಬ್ಯಾಟರಿ ಚಾರ್ಜಿಗೆ ಹಾಕಿ ಮಲಗಿ.