ಗೋಂದಿಲ್ಲದ ಕಾಗದದ ಕೊಟ್ಟೆಯಲ್ಲಿ ಮಳೆಗಾಲದ ತರಕಾರಿ ಸಸಿ

ಶಿರಸಿ ಕಡೆಯ ಮಳೆಗೆ ಕಾಗದದ ಕೊಟ್ಟೆ, ಅಂದರೆ ಹಳೆ ದಿನಪತ್ರಿಕೆ ಮಡಚಿ ಮಾಡಿದ ಸಸಿ ಚೀಲ, ಎಂಟು ದಿನವೂ ತಡೆಯುವುದಿಲ್ಲ ಎಂದವರೇ ಈಗ ಅದರಲ್ಲಿ ಎಬ್ಬಿಸಿದ ಮೊಗೆ, ಹೀರೆ, ಹಾಗಲ ಸಸಿ ಕೇಳಿಕೊಂಡು ಬರುತ್ತಿದ್ದಾರೆ. ಬೇರು ಅಲುಗಾಡಿದರೆ ಬಳ್ಳಿ ತರಕಾರಿ ಸೊರಗುತ್ತದೆ. ಕೊಟ್ಟೆ ಸಮೇತ ಹೂಳಿದರೆ ಆ ಪೆಟ್ಟೇ ಇಲ್ಲ, ತೋಟದಲ್ಲಿ ಪ್ಲಾಸ್ಟಿಕ್ ಚೂರು ಆರಿಸುವ ಕೆಲಸವೂ ಇಲ್ಲ.

ಗುಟ್ಟಿರುವುದು ನಾರಿನ ದಿಕ್ಕಿನಲ್ಲಿ. ದಿನಪತ್ರಿಕೆಯನ್ನು ಮೇಲಿಂದ ಕೆಳಕ್ಕೆ ಹರಿದು ನೋಡಿ, ನೇರ ಸೀಳುತ್ತದೆ. ಅಡ್ಡ ಹರಿದರೆ ಅಂಕುಡೊಂಕು. ಸುತ್ತಲು ಸಲೀಸೆಂದು ಹೆಚ್ಚಿನವರು ನಾರು ನೆಟ್ಟಗೆ ನಿಲ್ಲುವ ಹಾಗೆ ಸುತ್ತುತ್ತಾರೆ. ಒದ್ದೆ ಮಣ್ಣು ಹೊರಕ್ಕೆ ದೂಡಿದಾಗ ಕೊಟ್ಟೆ ಆ ನಾರಿನ ಗುಂಟವೇ ಬಾಯಿ ಬಿಡುತ್ತದೆ. ನಾರು ಕೊಟ್ಟೆಯ ಸುತ್ತ ಬಳಸಿ ಬರಬೇಕು. ಸುತ್ತುವಾಗ ಕೊಂಚ ಹಟ ಮಾಡುತ್ತದೆ, ಆದರೆ ನೆನೆದ ಮೇಲೂ ಒಡೆಯುವುದಿಲ್ಲ.

ಒಂದು ಪುಟವೆಂದರೆ ಹೆಚ್ಚುಕಡಿಮೆ 33 ಸೆಂ.ಮೀ. ಅಗಲ, 54 ಉದ್ದ. ಉದ್ದವನ್ನು ಎರಡು ಭಾಗ ಮಾಡಿ. ಪ್ರತಿ ತುಂಡಿನ 33 ಸೆಂ.ಮೀ. ಅಗಲವನ್ನು ನಡುವೆ ಮಡಚಿದರೆ 27 ಉದ್ದ, 16.5 ಎತ್ತರದ ಜೋಡಿ ಪಟ್ಟಿ ಸಿಗುತ್ತದೆ. ಮಡಿಕೆಯ ಅಂಚು ಕೊಟ್ಟೆಯ ಬಾಯಿಗೆ ಬರಲಿ. 6 ಸೆಂ.ಮೀ. ದಪ್ಪದ ಬಾಟಲಿಗೆ ಸುತ್ತಿ, ತಳಕ್ಕೆ 5 ಸೆಂ.ಮೀ. ಹೊರಗೆ ಬಿಟ್ಟು, ನಾಲ್ಕು ಕಡೆಯಿಂದ ಒಳಕ್ಕೆ ಮಡಚಿ ನೆಲಕ್ಕೆ ಒತ್ತಿ ತಿರುವಿ. ಬಾಟಲಿ ತೆಗೆದು ಬಾಯಿಯನ್ನು ಒಂದೂವರೆ ಸೆಂ.ಮೀ. ಒಳಮಡಚಿದರೆ ಸುತ್ತು ಬಿಚ್ಚುವುದಿಲ್ಲ. ಗೋಂದು ಬೇಡ, ದಾರ ಬೇಡ.

ಪ್ರತಿ ಮಡಿಕೆಯನ್ನೂ ಉಗುರಿನಿಂದ ಗೀರಬೇಕು. ಮಾತಾಡುತ್ತ ಮಡಚಿದ ಕೊಟ್ಟೆಯ ತಳ ಮಣ್ಣು ತುಂಬುವಾಗಲೇ ಕಳಚುತ್ತದೆ. ಸಂಜೆ ಪೇಪರ್ ಓದಿ ಮುಗಿಸಿದವರು ಅಲ್ಲೇ ಕೂತು, ಬೇರೆ ಕಡೆ ಗಮನ ಕೊಡದೆ, ಎಂಟೋ ಹತ್ತೋ ಮಡಚಿದರೆ ಸಾಕು. ಬೇಸಿಗೆ ಮುಗಿಯುವುದರೊಳಗೆ ಒಂದು ಮನೆಗಾಗುವಷ್ಟು ದಾಟಿರುತ್ತದೆ. ಮಡಚುವುದೆಲ್ಲ ಮೇ ಒಳಗೇ ಆಗಬೇಕು. ಜೂನ್ ಬಂತೆಂದರೆ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಗೀರು ನಿಲ್ಲುವುದಿಲ್ಲ. ಬಳಸದೆ ಉಳಿದ ಕೊಟ್ಟೆಗಳನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಡಿ.

ಗೋಡೆಗೆ ಮೂರು ಪದರ ಸರಿ. ಒಂದೇ ಪದರದ್ದು ವಾರದಲ್ಲಿ ಕುಸಿಯಿತು. ಗಟ್ಟಿ ಇರಲೆಂದು ಆರು ಪದರ ಸುತ್ತಿದ್ದರಲ್ಲಿ ಬೇರು ಹೊರಬರಲಾಗದೆ ಒಳಗೇ ಸುರುಳಿ ಸುತ್ತಿತು. ಮಿರುಗುವ ಪುರವಣಿ ಕಾಗದ ಬೇಡವೇ ಬೇಡ, ಅದರ ಲೇಪ ಬೇಗ ಕರಗುವುದಿಲ್ಲ.

ಖರ್ಚು? ಬಿಡಿಸಿದ ಜೋಡಿಪುಟ 15 ಗ್ರಾಂ ತೂಗುತ್ತದೆ, ಅದರಲ್ಲಿ ನಾಲ್ಕು ಕೊಟ್ಟೆ. ಕಿಲೋ ರದ್ದಿಗೆ ಇನ್ನೂರೈವತ್ತರ ಮೇಲೆ. ರದ್ದಿ 15 ರೂಪಾಯಿ ಹಿಡಿದರೂ ಒಂದಕ್ಕೆ ಆರು ಪೈಸೆ. ನರ್ಸರಿ ಪ್ಲಾಸ್ಟಿಕ್ ಕೊಟ್ಟೆಗೆ ಮುಕ್ಕಾಲು ರೂಪಾಯಿಯ ಹತ್ತಿರ ಕೊಟ್ಟ ನೆನಪು.

ಕೊಟ್ಟೆಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿ, ಸೂರಿನಡಿಯಲ್ಲೇ ಇಡಿ. ನೇರ ಮಳೆಗೆ ಯಾವ ಮಡಿಕೆಯೂ ಉಳಿಯದು. ಮಣ್ಣು ಎರಡು ಪಾಲು, ಮರಳು ಒಂದು, ಜರಡಿ ಹಿಡಿದ ಗೊಬ್ಬರ ಒಂದು. ಹೊರಗೋಡೆಗೆ ಬೂಷ್ಟು ಬಂದರೆ ಹೆದರಬೇಡಿ, ಗಾಳಿ ಸಾಲದಾಗಿದೆ ಅಷ್ಟೇ. ಎಲೆ ಹಳದಿಯಾದರೆ ಕಾಗದ ಕೊಳೆಸುವ ಜೀವಾಣುಗಳು ಸಾರಜನಕ ಎಳೆದುಕೊಂಡಿವೆ ಎಂದರ್ಥ. ಹತ್ತು ಪಾಲು ನೀರಿಗೆ ಒಂದು ಪಾಲು ಗೋಮೂತ್ರ ಬೆರೆಸಿ ಹಾಕಿದರೆ ಹಸಿರು ತಿರುಗುತ್ತದೆ.

ನಡುವೆ ಒಣ ಬಾಳೆಲೆಯಲ್ಲೂ ಮಡಚಿ ನೋಡಿದ್ದಾಯಿತು: ಬೇಸಿಗೆಯಲ್ಲಿ ಮಡಿಕೆಯಲ್ಲೇ ಬಿರಿಯುತ್ತದೆ, ನೆನೆಸಿ ಮಡಚಿದರೆ ಒಣಗುವಾಗ ಬಿಚ್ಚಿಕೊಳ್ಳುತ್ತದೆ. ಅಡಿಕೆ ಹಾಳೆ ಕೊಟ್ಟೆಗೆ ತೀರ ಗಟ್ಟಿ, ಆದರೆ ಕೊಟ್ಟೆ ಜೋಡಿಸುವ ತಟ್ಟೆಯಾಗಿ ಅದಕ್ಕೆ ಸಮನಾದದ್ದಿಲ್ಲ. ನೀರು ನಿಲ್ಲದಂತೆ ತಳದಲ್ಲಿ ಎರಡು ತೂತು ಹೊಡೆಯಿರಿ. ಇದೇ ಮಡಿಕೆಯನ್ನು ಇಡೀ ಜೋಡಿಪುಟದಲ್ಲಿ ಮಾಡಿದರೆ ಹಸಿಕಸದ ಡಬ್ಬಿಗೆ ಒಳಚೀಲ ಸಿಗುತ್ತದೆ, ಕಸದ ಜೊತೆಗೇ ಗೊಬ್ಬರಗುಂಡಿಗೆ ಹೋಗುತ್ತದೆ. ತಿಂಡಿ ಮಾತ್ರ ಕಟ್ಟಬೇಡಿ. ಮುದ್ರಣದ ಶಾಯಿ ತಿನಿಸಿಗೆ ಹತ್ತುತ್ತದೆ, 2018ರ ಆಹಾರ ಪ್ಯಾಕೇಜಿಂಗ್ ನಿಯಮವೂ ಅದನ್ನು ನಿಷೇಧಿಸಿದೆ.

ಎರಡು ಮೂರು ನಿಜ ಎಲೆ (ಮೊದಲು ಬರುವ ಬೀಜದ ದಳ ಬಿಟ್ಟು ಆಮೇಲಿನವು) ಬಿಟ್ಟ ಮೇಲೆ, ಅಂದರೆ ಮೂರು ವಾರದೊಳಗೆ, ನೆಡಬೇಕು. ಕೊಟ್ಟೆಯನ್ನು ಪೂರ್ತಿ ನೆನೆಸಿ, ತಳ ಬಿಡಿಸಿ, ಮಣ್ಣಿನ ಮೇಲೆ ಉಳಿಯುವ ಬಾಯಿಯನ್ನು ಹರಿದು ತೆಗೆಯಿರಿ. ಅದು ಹೊರಗಿದ್ದರೆ ಮಳೆ ಬಿಡುವು ಕೊಟ್ಟಾಗ ಬೇರಿನ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಒರಲೆ ಇರುವ ಜಾಗವಾದರೆ ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ ಮೊದಲೇ ಹಾಕಿರಿ.