ನೆಲದ ಗುನುಗಿನಿಂದ ಭೂಶಾಖ ಜಲಾಶಯದ ಬದಲಾವಣೆ ಅಳೆಯುವ ಬಗೆ

ನೆಲದಾಳದ ಬಿಸಿಯನ್ನು ಬಳಸುವ ಭೂಶಾಖ ಸ್ಥಾವರದ ಸುತ್ತ ಇಟ್ಟ ಭೂಕಂಪಮಾಪಕಗಳ ದಾಖಲೆಯಿಂದ ಹೆಚ್ಚಿನವರು ಭೂಕಂಪಗಳನ್ನು ಹೆಕ್ಕಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ನನಗೆ ಬೇಕಾದದ್ದು ಆ ಉಳಿದದ್ದೇ. ಕಡಲ ಅಲೆಗಳು ಹಗಲಿರುಳು ನೆಲವನ್ನು ಅಲುಗಿಸುತ್ತಿರುತ್ತವೆ. ಆ ಗುನುಗು ಜಲಾಶಯದ, ಅಂದರೆ ನೆಲದಾಳದಲ್ಲಿ ಬಿಸಿನೀರು ತುಂಬಿದ ಪದರದ, ಬಂಡೆಗಳನ್ನು ಹಾದು ಪ್ರತಿದಿನವೂ ಮಾಪಕಕ್ಕೆ ಬಂದು ಸೇರುತ್ತದೆ. ಒಳಗೆ ಏನಾದರೂ ಬದಲಾದರೆ ಅಲೆ ಅಲ್ಲಿ ಸಾಗುವ ವೇಗವೂ ತುಸು ಬದಲಾಗುತ್ತದೆ. ಅಳೆಯುವುದು ಆ ವೇಗದ ಬದಲಾವಣೆಯನ್ನೇ.

ಮೊದಲು ಆವರ್ತನ ಆರಿಸಿ. ಮೇಲ್ಮೈ ಅಲೆ ಸ್ಥೂಲವಾಗಿ ತನ್ನ ತರಂಗಾಂತರದ ಮೂರನೇ ಒಂದು ಭಾಗದಷ್ಟು ಆಳವನ್ನು ಚೆನ್ನಾಗಿ ಗ್ರಹಿಸುತ್ತದೆ. ವೇಗ ಸೆಕೆಂಡಿಗೆ 2.4 ಕಿ.ಮೀ. ಇದ್ದರೆ 0.4 ಹರ್ಟ್ಸ್ ಅಲೆಗೆ ಸುಮಾರು 2 ಕಿ.ಮೀ. ಆಳ. ಹೆಚ್ಚಿನ ಆವರ್ತನದಲ್ಲಿ ಕಾಣುವುದು ಬಹುಪಾಲು ಮಳೆ ಮತ್ತು ಅಂತರ್ಜಲ.

ದಾಖಲೆಯನ್ನು ಗಂಟೆಗೊಂದು ತುಂಡು ಮಾಡಿ, ಸರಾಸರಿ ಮತ್ತು ಇಳಿಜಾರು ತೆಗೆದು, ಆವರ್ತನಗಳ ಪಾಲನ್ನು ಸಮಗೊಳಿಸಿ. ಏರಿಳಿತದ ಗಾತ್ರ ಬಿಟ್ಟು ಅದರ ಧನ-ಋಣ ಚಿಹ್ನೆಯನ್ನಷ್ಟೇ ಉಳಿಸಿಕೊಂಡರೆ ಒಂದು ಭೂಕಂಪ ಇಡೀ ದಿನವನ್ನು ನುಂಗುವುದಿಲ್ಲ. ಬಳಿಕ ಎರಡೆರಡು ಮಾಪಕಗಳ ನಡುವೆ ಕ್ರಾಸ್ ಕೋರಿಲೇಶನ್ ಮಾಡಿ, ಅಂದರೆ ಒಂದರ ದಾಖಲೆಯನ್ನು ಕಾಲದಲ್ಲಿ ಹಿಂದೆ ಮುಂದೆ ಸರಿಸುತ್ತಾ ಇನ್ನೊಂದಕ್ಕೆ ಎಷ್ಟು ಹೊಂದುತ್ತದೆಂದು ಲೆಕ್ಕಹಾಕಿ, ದಿನದ ಸರಾಸರಿ ತೆಗೆಯಿರಿ. ಬಾವಿಯಿಂದ ಜಲಾಶಯಕ್ಕೆ ನೀರು ಒಳಹರಿಸುವ ಮೊದಲಿನ ಹಲವು ತಿಂಗಳ ಸರಾಸರಿಯೇ ಹೋಲಿಕೆಗೆ ಆಧಾರ.

ಅಳೆಯಬೇಕಾದದ್ದು ಮೊದಲು ಬರುವ ಅಲೆಯನ್ನಲ್ಲ, ಬಂಡೆಗಳಲ್ಲಿ ಚದುರಿ ಬಾಲದಂತೆ ಹಿಂದೆ ಬರುವ ಅಲೆಗಳನ್ನು, ಅಂದರೆ ಕೋಡಾವನ್ನು. ವೇಗ ಶೇ 0.1ರಷ್ಟು ಬದಲಾದರೆ 2ನೇ ಸೆಕೆಂಡಿನಲ್ಲಿ ಬರುವ ಅಲೆ 0.002 ಸೆಕೆಂಡಷ್ಟೇ ಸರಿಯುತ್ತದೆ. 40ನೇ ಸೆಕೆಂಡಿನಲ್ಲಿ ಬರುವುದು 0.04 ಸೆಕೆಂಡು ಸರಿಯುತ್ತದೆ. ದಿನದ ರೇಖೆಯನ್ನು ಶೇ 1ರವರೆಗೆ ಎರಡೂ ಕಡೆಗೆ ಸ್ವಲ್ಪಸ್ವಲ್ಪವೇ ಹಿಗ್ಗಿಸಿ, ಕುಗ್ಗಿಸಿ, ಆಧಾರರೇಖೆಗೆ ಎಲ್ಲಿ ಹೆಚ್ಚು ಹೊಂದುತ್ತದೆಂದು ನೋಡಿ.

ಇಲ್ಲೇ ನಾನು ಎಡವಿದ್ದು. ವೇಗ ಸತತವಾಗಿ ಕುಸಿಯುತ್ತಿದೆ ಎಂದು ಮೂರು ವಾರ ನಂಬಿ ವರದಿಯನ್ನೂ ಬರೆದಿದ್ದೆ. ನಿಜದಲ್ಲಿ ಒಂದು ಮಾಪಕಕ್ಕೆ ಸಮಯ ಕೊಡುವ ಜಿಪಿಎಸ್ ಕೇಬಲ್ ಸಡಿಲವಾಗಿ ಅದರ ಗಡಿಯಾರ ಜಾರುತ್ತಿತ್ತು. ಕೋರಿಲೇಶನ್ ರೇಖೆಗೆ ಸೊನ್ನೆ ಸೆಕೆಂಡಿನ ಎಡಕ್ಕೂ ಬಲಕ್ಕೂ ಒಂದೊಂದು ಭಾಗ ಇರುತ್ತದೆ, ಎರಡು ಮಾಪಕಗಳ ನಡುವೆ ಅಲೆ ಸಾಗುವ ಎರಡು ದಿಕ್ಕಿಗೆ ಒಂದೊಂದು. ವೇಗ ಕುಸಿದರೆ ಎರಡೂ ಸೊನ್ನೆಯಿಂದ ದೂರ ಸರಿಯುತ್ತವೆ. ಗಡಿಯಾರ ತಪ್ಪಿದರೆ ಎರಡೂ ಒಂದೇ ದಿಕ್ಕಿಗೆ ಸರಿಯುತ್ತವೆ. ನಾನು ನೋಡಿದ್ದು ಒಂದೇ ಭಾಗವನ್ನು. ಅಂದಿನಿಂದ ಎರಡನ್ನೂ ಬೇರೆಬೇರೆಯಾಗಿ ಅಳೆಯದೆ ಮುಂದೆ ಹೋಗುವುದಿಲ್ಲ.

ಆಧಾರರೇಖೆಗೆ ಚೆನ್ನಾಗಿ ಹೊಂದದ ದಿನಗಳನ್ನು ಅಳಿಸಬೇಡಿ, ಪಕ್ಕಕ್ಕೆ ಇಡಿ. ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್‌ನಲ್ಲಿ 2013ರ ಜುಲೈನಲ್ಲಿ ಭೂಶಾಖ ಬಾವಿಗೆ ಅನಿಲ ನುಗ್ಗಿ, ಬಳಿಕ 3.5 ತೀವ್ರತೆಯ ಕಂಪನವಾಯಿತು. ಅಲ್ಲಿನ ದಾಖಲೆಗಳಲ್ಲಿ ಒಳಗಿನ ಬದಲಾವಣೆಯ ಸುಳಿವು ಸಿಕ್ಕಿದ್ದು ಹೊಂದಾಣಿಕೆಯ ಕುಸಿತದಲ್ಲೇ. ಕಸವೆಂದು ಎಸೆದಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಸ್ಥಾವರದಿಂದ ದೂರದ ಒಂದು ಜೋಡಿ ಮಾಪಕಗಳ ನಡುವೆಯೂ ಇದೇ ರೀತಿ ಅಳೆಯಿರಿ. ಅಲ್ಲಿಯೂ ಅದೇ ಏರಿಳಿತ ಕಂಡರೆ ಕಾರಣ ಋತುವಿನಲ್ಲಿ ಅಥವಾ ಕಡಲಿನಲ್ಲಿ ಇರಬಹುದು, ಜಲಾಶಯದಲ್ಲಲ್ಲ. ಪಂಪ್‌ಗಳ ಸದ್ದೂ ಉತ್ಪಾದನೆಯ ಜೊತೆಗೇ ಬದಲಾಗಿ ಮೋಸ ಮಾಡುತ್ತದೆ.

ನೀರು ಒಳಹರಿದಾಗ ರಂಧ್ರಗಳ ಒತ್ತಡ ಏರಿ, ಬಿರುಕುಗಳು ತೆರೆದು, ವೇಗ ಇಳಿಯುತ್ತದೆ. ನೀರು ತೆಗೆದಾಗ ಬಿರುಕುಗಳು ಮುಚ್ಚಿ ವೇಗ ಏರಬಹುದು. ಆದರೆ ಒಳಗೆ ನೀರು ಕುದಿದು ಉಗಿಯಾದರೆ ಮತ್ತೆ ಇಳಿಯಬಹುದು. ಹೀಗಾಗಿ ವೇಗದ ರೇಖೆಯ ಕೆಳಗೆ ಅದೇ ಕಾಲಮಾನದಲ್ಲಿ ಬಾವಿಯ ಒತ್ತಡ, ಒಳಹರಿಸಿದ ನೀರು ಮತ್ತು ಮಳೆಯ ರೇಖೆಗಳನ್ನೂ ಎಳೆಯುತ್ತೇನೆ. ಅವಿಲ್ಲದ ಗ್ರಾಫನ್ನು ಯಾರ ಕೈಗೂ ಕೊಡುವುದಿಲ್ಲ.