ಟೈರಿನ ಪಕ್ಕೆಯಲ್ಲಿ ಬರೆದಿದ್ದನ್ನು ಓದಲು ಕಲಿತೆ

ಕಳೆದ ಮಳೆಗಾಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಎಡ ತಿರುವುಗಳಲ್ಲಿ ಕಾರು ಗಟ್ಟಿಯಾಗಿ ನಿಲ್ಲುತ್ತಿತ್ತು. ಬಲಕ್ಕೆ ತಿರುಗಿದಾಗ ಮಾತ್ರ ಮುಂದಿನ ಚಕ್ರ ಸ್ವಲ್ಪ ಜಾರಿದ ಹಾಗೆ. ಟೈರ್ ಹಾಕಿಸಿ ಆರು ತಿಂಗಳೂ ಆಗಿರಲಿಲ್ಲ. ನಿಜವಾಗಿ ಹೆದರಿದೆ.

ಚಿಕ್ಕಮಗಳೂರಿಗೆ ವಾಪಸ್ ಬಂದು ಕಾರು ತೊಳೆಯುವಾಗ ಕಾರಣ ಸಿಕ್ಕಿತು. ಮೂರು ಟೈರ್‌ಗಳ ಮೇಲೆ ‘ಔಟ್‌ಸೈಡ್’ ಎಂದಿತ್ತು. ಮುಂದಿನ ಎಡ ಟೈರಿನ ಮೇಲೆ ‘ಇನ್‌ಸೈಡ್’! ಹದಿನೈದು ದಿನದ ಹಿಂದೆ ಅದಕ್ಕೆ ಪಂಕ್ಚರ್ ಹಾಕಿಸಿದ್ದೆ. ಒಳಗಿನಿಂದ ಪ್ಯಾಚ್ ಹಾಕಲು ರಿಮ್ಮಿನಿಂದ ಬಿಚ್ಚಿದವರು ಮತ್ತೆ ಕೂರಿಸುವಾಗ ಮಗುಚಿ ಹಾಕಿದ್ದರು.

ಇಂಥ ಟೈರಿನ ಎರಡು ಬದಿ ಒಂದೇ ಥರ ಇರುವುದಿಲ್ಲ. ಹೊರಬದಿಯ ರಬ್ಬರ್ ಕಟ್ಟೆಗಳು ದಪ್ಪ, ಗಟ್ಟಿ. ತಿರುವಿನಲ್ಲಿ ಭಾರ ಬೀಳುವುದು ಅವುಗಳ ಮೇಲೆ. ಒಳಬದಿಯಲ್ಲಿ ನೀರು ಹೊರಗೆ ಹಾಕಲು ಗೆರೆಗಳು ಜಾಸ್ತಿ. ಬಲಕ್ಕೆ ತಿರುಗಿದರೆ ಎಡ ಟೈರಿನ ಮೇಲೆ ಭಾರ ಬೀಳುತ್ತದೆ, ಅಲ್ವಾ? ಅಲ್ಲೇ ತೊಂದರೆ ಇತ್ತು. ಈಗ ಟೈರ್ ಬಿಚ್ಚಿಸಿದರೆ ಪಕ್ಕದಲ್ಲೇ ನಿಂತಿರುತ್ತೇನೆ. “ಅಣ್ಣಾ, ಔಟ್‌ಸೈಡ್ ಹೊರಗೆ ಬರಬೇಕು” ಎಂದು ಮೊದಲೇ ಹೇಳುತ್ತೇನೆ. ಬಾಣದ ಗುರುತಿರುವ ಟೈರ್ ಆದರೆ ಅದು ಮುಂದಕ್ಕೆ ಉರುಳುವ ದಿಕ್ಕನ್ನೇ ತೋರಿಸಬೇಕು.

ಅವತ್ತೇ ಕೂತು ಉಳಿದದ್ದನ್ನೂ ಓದಿದೆ. ನನ್ನದು 195/55 ಆರ್16 87ವಿ. ಅಗಲ 195 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇ. 55, ರಿಮ್ 16 ಇಂಚು. 87 ಎಂದರೆ ಒಂದು ಟೈರ್ 545 ಕೆಜಿ ಹೊರಬಲ್ಲದು. ವಿ ಎಂದರೆ ಗಂಟೆಗೆ 240 ಕಿಲೋಮೀಟರ್‌ವರೆಗೆ ತಡೆಯುತ್ತದೆ. ಮೊದಲು ಇದ್ದದ್ದು 185/65 ಆರ್15. ಲೆಕ್ಕ ಹಾಕಿದರೆ ಎರಡರ ಒಟ್ಟು ಎತ್ತರವೂ ಸುಮಾರು 621 ಮಿಲಿಮೀಟರ್. ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಆದರೆ ಪಕ್ಕೆ 120 ಮಿಲಿಮೀಟರ್‌ನಿಂದ 107ಕ್ಕೆ ಇಳಿದಿದೆ. ಗುಂಡಿಗೆ ಬಿದ್ದರೆ ಏಟು ಸೀದಾ ರಿಮ್ಮಿಗೆ. ಪಕ್ಕೆ ಒಂದು ಕಡೆ ಉಬ್ಬಿದರೆ ಒಳಗಿನ ದಾರ ಹರಿದಿದೆ ಎಂದೇ ಅರ್ಥ. ಅದಕ್ಕೆ ರಿಪೇರಿ ಇಲ್ಲ, ಬದಲಾಯಿಸಲೇಬೇಕು.

ಕೊಳ್ಳುವಾಗ ನಾನು ನೋಡದೇ ಬಿಟ್ಟದ್ದು ಪಕ್ಕೆಯ ಮೇಲೆ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. 2322 ಎಂದಿದ್ದರೆ 2022ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರ್ ನೋಡಲು ಹೊಸದೇ. ರಬ್ಬರ್ ಮಾತ್ರ ಗಟ್ಟಿಯಾಗುತ್ತಾ ಹೋಗಿರುತ್ತದೆ. ದುಡ್ಡು ಕೊಡುವ ಮೊದಲು ಈ ಅಂಕಿ ನೋಡಿ.

ಗಾಳಿಯ ವಿಷಯದಲ್ಲೂ ಒಂದು ತಪ್ಪು ಮಾಡಿದ್ದೆ. ಘಾಟಿ ಇಳಿದು ಉಜಿರೆಯ ಸೆಖೆಯಲ್ಲಿ ನೋಡಿದಾಗ 37 ಪಿಎಸ್‌ಐ ತೋರಿಸಿತು. ಜಾಸ್ತಿ ಆಯಿತು ಎಂದು 33ಕ್ಕೆ ಇಳಿಸಿದೆ. ಮಾರನೇ ದಿನ ಮನೆಯ ಚಳಿಯಲ್ಲಿ ನೋಡಿದರೆ 29! ಓಡಿದ ಟೈರ್ ಬಿಸಿಯಾಗಿ ಗಾಳಿ ಹಿಗ್ಗಿರುತ್ತದೆ, ಆಗ ಗಾಳಿ ಬಿಡಬಾರದು. ಪಕ್ಕೆಯ ಮೇಲೆ ‘ಮ್ಯಾಕ್ಸ್’ ಎಂದು ಬರೆದಿರುವುದು ಗರಿಷ್ಠ ಮಿತಿ, ಹಾಕಿಸಬೇಕಾದ ಲೆಕ್ಕ ಅಲ್ಲ. ನನ್ನ ಕಾರಿನಲ್ಲಿ ಅದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿದೆ: 33. ಈಗ ಚಿಕ್ಕ ಗೇಜ್ ಒಂದನ್ನು ಕಾರಿನಲ್ಲೇ ಇಟ್ಟಿದ್ದೇನೆ. ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ಕಾರು ತೆಗೆಯುವ ಮೊದಲೇ ನೋಡುತ್ತೇನೆ. ಸ್ಟೆಪ್ನಿಯನ್ನೂ ಸೇರಿಸಿ.